ಘಮಲುಮರದ ಹೆಣ

ಅವಳಿಗೆ ಊರು ಇಟ್ಟ ಹೆಸರು ಅಳುಮುಂಜಿ. ಸಾವಿನ ಮನೆಗಳಲ್ಲಿ ಅಳುವುದು ಅವಳ ಕಸುಬು. ನಗುವುದು ಅವಳ ರೋಗ.

ರೋಗ ಅಂದರೆ ರೋಗವೇ. ಒಮ್ಮೆ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ನೀರು ಕುಡಿಯುವಾಗ ಹಿಡಿದರೆ ಮೂಗಿನಿಂದ ನೀರು ಬರುತ್ತಿತ್ತು. ನಲ್ಲಿಯ ಸಾಲಿನಲ್ಲಿ ಹಿಡಿದರೆ ಕೊಡ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸುತ್ತಿದ್ದಳು. ಹಿಂದಿದ್ದವರು ಅವಳನ್ನು ದಾಟಿಕೊಂಡು ಹೋಗಿ ನೀರು ಹಿಡಿಯಬೇಕಿತ್ತು. "ಇವಳ ಕಣ್ಣೀರೆಲ್ಲ ಊರಿಗೆ, ನಗು ಮಾತ್ರ ಮನೆ ಬಳಕೆಗೆ" ಎಂದು ಅವಳ ಅತ್ತಿಗೆ ಹಂಗಿಸುತ್ತಿದ್ದಳು.

ಊರಿನ ದೊಡ್ಡ ಮನೆಗಳಲ್ಲಿ ಸಾವಾದರೆ ಕೇರಿಗೆ ಆಳು ಓಡಿ ಬರುತ್ತಿದ್ದ. ದೊಡ್ಡವರಿಗೆ ಸರಿಯಾಗಿ ಅಳಲು ಬರುವುದಿಲ್ಲ. ಬಂದರೂ ಕರವಸ್ತ್ರದ ಒಂದು ಮೂಲೆ ಒದ್ದೆಯಾಗುವಷ್ಟು ಬರುತ್ತದೆ, ಅಷ್ಟೇ. ಆದ್ದರಿಂದ ಕೇರಿಯ ಹೆಂಗಸರು ಅಳಬೇಕು, ಕೇರಿಯ ಗಂಡಸರು ಹೊರಬೇಕು. ಅಳುವುದು ಕಾಂಪೌಂಡಿನ ಹೊರಗೆ, ಚರಂಡಿಯ ಪಕ್ಕ. ಅವರ ದನಿ ಒಳಗೆ ಹೋಗಬಹುದು, ಕಾಲು ಹೋಗುವಂತಿಲ್ಲ. ಹೆಣ ಹೊರಟ ಮೇಲೆ ಅವರು ಕೂತ ಜಾಗಕ್ಕೆ ಆಳು ಬಕೆಟ್‌ನಲ್ಲಿ ನೀರು ತಂದು ಸುರಿಯುತ್ತಿದ್ದ. ಕೆಲವು ಮನೆಗಳಲ್ಲಿ ಅವರು ಏಳುವ ತನಕವೂ ಕಾಯುತ್ತಿರಲಿಲ್ಲ. ಒದ್ದೆ ಸೀರೆಯಲ್ಲೇ ಅವರು ಮನೆಗೆ ನಡೆಯುತ್ತಿದ್ದರು.

ಕಸುಬಿಗೆ ಒಂದೇ ಕಟ್ಟಳೆ. ಹೆಣದ ಮುಂದೆ ಸುಳ್ಳು ಹೇಳಬಾರದು. ಬೇಕಾದರೆ ಬೆಲ್ಲ ಸವರಿ ಹೇಳು, ಸುಳ್ಳು ಹೇಳಬೇಡ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಊರಿನ ಮಹಾ ಜಿಪುಣನೊಬ್ಬ ಸತ್ತಾಗ ಅಳುಮುಂಜಿ ಎದೆ ಬಡಿದುಕೊಂಡು, "ಒಂದೇ ಜೊತೆ ಚಪ್ಪಲೀಲಿ ಮೂರು ಮಕ್ಕಳ ಮದುವೆ ಮಾಡಿದ್ಯಲ್ಲೋ ನನ್ನಪ್ಪ, ಉಂಗುಷ್ಟ ಬಿಟ್ರೂ ನೀನು ಕೈ ಬಿಡ್ಲಿಲ್ವಲ್ಲೋ" ಎಂದು ಅತ್ತಿದ್ದಳು. ಒಳಗಿನವರು ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ಬೀದಿಯವರು ತುಟಿ ಕಚ್ಚಿಕೊಂಡರು. ಅಳುಮುಂಜಿ ಮುಖವನ್ನು ಮೊಣಕಾಲ ನಡುವೆ ಹುದುಗಿಸಿ ಮೈಯೆಲ್ಲ ಕುಲುಕಿಸಿದಳು. ಅದು ನಗು ಎಂದು ಅವಳ ಅತ್ತಿಗೆಗೆ ಮಾತ್ರ ಗೊತ್ತಿತ್ತು.

ಕೇರಿ ಇದ್ದದ್ದು ಊರಿನಾಚೆ, ಅರಣ್ಯ ಇಲಾಖೆಯ ಗೇಟು ದಾಟಿದ ಮೇಲೆ. ಕೇರಿಯ ಹಿಂದೆ ಕೇರಿಯವರದೇ ಸ್ಮಶಾನ. ಅದರ ಹಿಂದೆ ಕಾಡು. ಕಾಡು ಅನ್ನುವುದು ಬಾಯಿಮಾತಿಗೆ. ಒಂದು ಕಾಲದಲ್ಲಿ ಅಲ್ಲಿ ಘಮಲುಮರಗಳು ಸಾಲುಸಾಲಾಗಿ ಇದ್ದವಂತೆ. ಆ ಮರದ ತಿರುಳಿಗೆ ಒಂದು ಪರಿಮಳ. ಹಸಿ ತಿರುಳಿನ ಘಮಲು ಮೂಗಿಗೆ ಬಡಿದರೆ ತಲೆ ಹಗುರಾಗುತ್ತದೆ. ಕಾಲು ನೆಲದ ಮೇಲೆ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕಾಗುತ್ತದೆ. ಕಾರಣವಿಲ್ಲದೆ ನಗು ಬರುತ್ತದೆ. ಅದೇ ಮರಕ್ಕೆ ಮುಳುವಾಯಿತು. ದೂರದ ಶ್ರೀಮಂತರಿಗೆ ಅದರ ಪೆಟ್ಟಿಗೆ ಬೇಕು, ಅದರ ಎಣ್ಣೆ ಬೇಕು, ಮಲಗುವ ಕೋಣೆಯಲ್ಲಿ ಅದರದೊಂದು ತುಂಡು ಬೇಕು. ಮರ ಲಾರಿ ಹತ್ತಿ ಊರು ಬಿಟ್ಟಿತು. ಕಡಿಯಬಾರದು ಎಂಬ ಕಾನೂನು ಬರುವ ಹೊತ್ತಿಗೆ ಕಡಿಯಲು ಏನೂ ಉಳಿದಿರಲಿಲ್ಲ.

ಉಳಿದದ್ದು ಎರಡೇ ಮರ. ಎರಡೂ ಕೇರಿಯ ಸ್ಮಶಾನದಲ್ಲಿದ್ದವು. ಊರಿನವರು ಯಾರೂ ಅಲ್ಲಿ ಕಾಲಿಡುತ್ತಿರಲಿಲ್ಲ, ಅದಕ್ಕೇ ಉಳಿದಿದ್ದವು. ಅವರ ಅಸಹ್ಯವೇ ಆ ಮರಗಳಿಗೆ ಬೇಲಿ. ದೊಡ್ಡ ಮರದ ಬುಡದಲ್ಲಿ ಅಳುಮುಂಜಿಯ ಅಮ್ಮ ಇದ್ದಳು, ಅಮ್ಮನ ಅಮ್ಮ ಇದ್ದಳು, ಕೇರಿಯಲ್ಲಿ ಸತ್ತವರೆಲ್ಲ ಇದ್ದರು. ಯಾರಿಗೂ ಕಲ್ಲು ನೆಡಿಸುವ ತ್ರಾಣ ಇರಲಿಲ್ಲ. ಅಷ್ಟೂ ಜನಕ್ಕೆ ಆ ಮರವೇ ಗೋರಿ. ಚಿಕ್ಕ ಮರ ಅದರ ಬೀಜಕ್ಕೆ ಹುಟ್ಟಿದ್ದು. ಚಿಕ್ಕದು ಅನ್ನುವುದು ಮಾತಿಗೆ ಅಷ್ಟೇ, ಅದರ ನೆರಳಲ್ಲೂ ಒಂದು ಮನೆ ಮಲಗಬಹುದಿತ್ತು.

ಸಾಮಿಲ್ಲಿನ ಸಾಹುಕಾರನ ಅಮ್ಮ ಸತ್ತಳು. ಮಿಲ್ಲಿನ ಮೇಸ್ತ್ರಿ ಕೇರಿಯ ಬಾಯಲ್ಲಿ ನಿಂತು, ಇಡೀ ಕೇರಿ ಬರಬೇಕು, ಎದ್ದು ಓಡಾಡುವವರು ಒಬ್ಬರೂ ಮನೆಯಲ್ಲಿ ಉಳಿಯಬಾರದು, ದೊಡ್ಡಮ್ಮನ ಸಾವು ದೊಡ್ಡದಾಗೇ ಆಗಬೇಕು ಎಂದು ಹೇಳಿ ಹೋದ. ಇಡೀ ಕೇರಿ ಹೋಯಿತು. ಬೆಳಗಿನಿಂದ ಅತ್ತರು. ಅಳುಮುಂಜಿಗಂತೂ ಅವತ್ತು ಗಂಟಲು ಒಳ್ಳೇ ಹದಕ್ಕೆ ಬಂದಿತ್ತು. "ನೀನಿದ್ದಷ್ಟು ದಿನ ಈ ಮನೇಲಿ ಒಂದು ಬೆಕ್ಕೂ ಉಸಿರೆತ್ತಲಿಲ್ವಲ್ಲಮ್ಮ" ಎಂದಾಗ ಸೊಸೆಯಂದಿರು ಮನಸಾರೆ ಬಿಕ್ಕಿದರು. ಬಿಸಿಲು ಇಳಿಯುವ ಹೊತ್ತಿಗೆ ಕೇರಿಯವರ ಕಣ್ಣು ಊದಿತ್ತು, ದನಿ ಬಿದ್ದಿತ್ತು.

ಮನೆಗೆ ಬಂದು ನೋಡಿದರೆ ಚಿಕ್ಕ ಮರ ಇರಲಿಲ್ಲ.

ಬುಡ ಇತ್ತು. ಮೆಷಿನ್ ಗರಗಸದ ಗುರುತು ಇತ್ತು. ಕೊಂಬೆಗಳು ಅಸ್ತವ್ಯಸ್ತ ಬಿದ್ದಿದ್ದವು. ಆಳುದ್ದದ ತಿರುಳಿನ ಕಾಂಡವನ್ನು ಪೊದೆಗೆ ಉರುಳಿಸಿ ಸೊಪ್ಪು ಮುಚ್ಚಿದ್ದರು. ಅವರು ಸಾಹುಕಾರನ ಕಾಂಪೌಂಡಿನ ಹೊರಗೆ ಎದೆ ಬಡಿದುಕೊಳ್ಳುವಾಗ ಸಾಹುಕಾರನ ಆಳುಗಳು ಇಲ್ಲಿ ನಿಶ್ಚಿಂತೆಯಾಗಿ ಕುಯ್ದಿದ್ದರು. ಕೇರಿಯವರು ಬುಡದ ಸುತ್ತ ನಿಂತರು. ಅಳೋಣವೆಂದರೆ ಕಣ್ಣಲ್ಲಿ ನೀರು ಇರಲಿಲ್ಲ. ಎಲ್ಲವನ್ನೂ ಆ ಮುದುಕಿಗೆ ಸುರಿದು ಬಂದಿದ್ದರು. ಹಸಿ ಬುಡದಿಂದ ಘಮಲು ಏಳುತ್ತಿತ್ತು. ಮೊದಲು ಯಾರಿಗೋ ನಗು ಬಂತು. ಆಮೇಲೆ ಎಲ್ಲರಿಗೂ ಬಂತು. ಸತ್ತ ಮರದ ಸುತ್ತ ನಿಂತು ಇಡೀ ಕೇರಿ ನಕ್ಕಿತು. ಅಷ್ಟು ಕೆಟ್ಟ ನಗುವನ್ನು ಅಳುಮುಂಜಿ ಜನ್ಮದಲ್ಲಿ ನಕ್ಕಿರಲಿಲ್ಲ. ಹೊಟ್ಟೆಯೊಳಗೆ ಬೆಂಕಿ, ಬಾಯಲ್ಲಿ ನಗು.

ಕಾಂಡ ಪೊದೆಯಲ್ಲೇ ಉಳಿಯಲು ಕಾರಣವಿತ್ತು. ಅದೇ ದಿನ ದೂರದ ನಗರದಿಂದ ಕಳ್ಳಮಾಲು ಹಿಡಿಯುವ ಇಲಾಖೆಯ ಸ್ಕ್ವಾಡ್ ಬಂದು ಗೇಟಿನಲ್ಲಿ ಕೂತಿತ್ತು. ಅದರ ಮೇಡಂ ಪ್ರತಿ ಗಾಡಿಯನ್ನೂ ಬಿಚ್ಚಿಸಿ ನೋಡುತ್ತಿದ್ದರು. ಊರಿನ ರೇಂಜರನಿಗೆ ತಾನೂ ಕೆಲಸ ಮಾಡುತ್ತೇನೆಂದು ತೋರಿಸಬೇಕಿತ್ತು. ಮಾರನೆಯ ಬೆಳಿಗ್ಗೆ ಬಂದು ಅಳುಮುಂಜಿಯ ಅಣ್ಣನ ಅಂಗೈಯನ್ನು ಮೂಸಿ ನೋಡಿದ. ಅಣ್ಣ ರಾತ್ರಿಯೆಲ್ಲ ಆ ಬುಡದ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಕೈ ಘಮ್ಮೆನ್ನುತ್ತಿತ್ತು.

"ನಿಮ್ಮ ಸ್ಮಶಾನ, ನಿಮ್ಮ ಮರ, ನಿನ್ನ ಕೈ. ಇನ್ನೇನು ಬೇಕು" ಎಂದು ರೇಂಜರ್ ಕೆನ್ನೆಗೆ ಬಿಟ್ಟು ಜೀಪಿಗೆ ಹತ್ತಿಸಿದ.

ಸಂಜೆ ಅಣ್ಣನನ್ನು ಬಿಡಿಸಿಕೊಂಡು ಬಂದವನು ಸಾಹುಕಾರನೇ. ಕಾರನ್ನು ಕೇರಿಯ ಬಾಯಲ್ಲೇ ನಿಲ್ಲಿಸಿದ. ಕಿಟಕಿ ಅರ್ಧ ಇಳಿಸಿ, ಮೂಗಿಗೆ ಕರವಸ್ತ್ರ ಹಿಡಿದು ಮಾತಾಡಿದ.

"ನೋಡಮ್ಮ, ಕೇಸು ನಿಮ್ಮಣ್ಣನ ತಲೆ ಮೇಲೆ ನೇತಾಡ್ತಿದೆ. ಮಾಲು ನನ್ನ ಮಿಲ್ಲಿಗೆ ಸೇರಿದ್ರೆ ಸಾಕ್ಷಿ ಇರಲ್ಲ. ಸಾಕ್ಷಿ ಇಲ್ದಿದ್ರೆ ಕೇಸೂ ಇರಲ್ಲ. ಅಲ್ಲೇ ಬಿದ್ದಿದ್ರೆ ಇವನು ಒಳಗೆ, ನೀವು ಹೊರಗೆ."

"ಗೇಟಲ್ಲಿ ಎಲ್ಲಾನೂ ಬಿಚ್ಚಿ ನೋಡ್ತಾರೆ ಸಾಹುಕಾರ್ರೆ" ಎಂದ ಅಣ್ಣ.

"ಲಾರಿ ಬಿಚ್ತಾರೆ. ಗಾಡಿ ಬಿಚ್ತಾರೆ. ನಿಮ್ಮ ಹೆಣ ಬಿಚ್ತಾರೇನೋ? ನಿಮ್ಮನ್ನೇ ಮುಟ್ಟಲ್ಲ, ನಿಮ್ಮ ಹೆಣ ಮುಟ್ತಾರಾ?"

ಅವನು ತನ್ನ ಜಾಣತನಕ್ಕೆ ತಾನೇ ನಕ್ಕ. ಕೇರಿಗೆ ಬಂದ ಪರಊರಿನ ನೆಂಟನೊಬ್ಬ ಸತ್ತಿದ್ದಾನೆ, ಅವನನ್ನು ಅವನ ಊರಿಗೆ ಕಳಿಸಬೇಕು, ಅದಕ್ಕೇ ಹೆಣ ಗೇಟು ದಾಟುತ್ತಿದೆ. ಊರೊಳಗೆ ಮಿಲ್ಲಿನ ಹಿಂಬಾಗಿಲಲ್ಲಿ ವ್ಯಾನು ನಿಂತಿರುತ್ತದೆ. ಇಡೀ ಕೇರಿ ಅಳುತ್ತಾ ಬರಬೇಕು, ಯಾರಿಗೂ ಅನುಮಾನ ಬರಬಾರದು. ಇದು ಅವನ ಯೋಜನೆ. ಅಳುಮುಂಜಿ ಅಣ್ಣನ ಮುಖ ನೋಡಿದಳು. ಕೆನ್ನೆಯ ಮೇಲೆ ರೇಂಜರನ ಬೆರಳು ಇನ್ನೂ ಇತ್ತು. ಆಯಿತು ಎಂದಳು. ಬೇರೇನು ಹೇಳಬೇಕಿತ್ತು?

ಬೆಳಿಗ್ಗೆ ಮೇಸ್ತ್ರಿ ಬಿಳಿ ಬಟ್ಟೆ ತಂದ, ಜೊತೆಗೆ ಒಂದು ಡಬ್ಬ ಫಿನಾಯಿಲ್. ವಾಸನೆ ಮುಚ್ಚಬೇಕಲ್ಲ. ಕಾಂಡದ ಮೇಲೆ ಡಬ್ಬ ಪೂರ್ತಿ ಸುರಿದು, ಬೇಗ ಕಟ್ಟಿ ಎಂದು ಹೇಳಿ ಸಿಗರೇಟು ಸೇದಲು ಅತ್ತ ಹೋದ.

ಕೇರಿಯಲ್ಲಿ ಹೆಣ ಮೀಯಿಸುವುದು ಅತ್ತಿಗೆಯ ಕೆಲಸ. ಅವಳು ಸೊಂಟದ ಮೇಲೆ ಕೈಯಿಟ್ಟು ಕಾಂಡವನ್ನು ನೋಡಿದಳು. ಮೂಗು ಮುರಿದಳು.

"ಹೆಣಕ್ಕೆ ಫಿನಾಯಿಲ್ ಹಾಕೋಕೆ ಇದೇನು ಕಕ್ಕಸಾ?"

"ಅತ್ತಿಗೆ, ಅದು ಹೆಣ ಅಲ್ಲ, ಮರ" ಎಂದಳು ಅಳುಮುಂಜಿ.

"ಮರವೋ ಮನುಷ್ಯನೋ, ಚಟ್ಟ ಹತ್ತಿದ ಮೇಲೆ ಹೆಣವೇ. ಮೀಯಿಸದೆ ಹೊರಿಸಿದ್ರೆ ನಿಮ್ಮಣ್ಣನ ಹೆಗಲು ಹುಣ್ಣಾಗುತ್ತೆ. ಇಷ್ಟು ವರ್ಷದಲ್ಲಿ ಒಂದನ್ನೂ ನಾನು ಹಾಗೆ ಕಳಿಸಿಲ್ಲ."

ಅಭ್ಯಾಸ ಎಂಬುದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅತ್ತಿಗೆ ಹಂಡೆಯ ಬಿಸಿನೀರು ತರಿಸಿದಳು. ಹೆಣದಂತೆ ಉದ್ದಕ್ಕೆ ಬಿದ್ದಿದ್ದ ಆ ಕಾಂಡವನ್ನು ಹೆಂಗಸರು ತಿಕ್ಕಿ ತಿಕ್ಕಿ ತೊಳೆದರು. ಗಂಟುಗಳ ಸಂದಿಗೆ ಬೆರಳು ಹಾಕಿ ತೊಳೆದರು. ಫಿನಾಯಿಲ್ ಹರಿದು ಹೋಯಿತು. ಬಿಸಿನೀರು ತಿರುಳಿಗೆ ಇಳಿಯಿತು. ಘಮಲು ಎದ್ದಿತು ನೋಡಿ. ಹಸಿ ಬುಡದ ಘಮಲು ಇದರ ಮುಂದೆ ಏನೂ ಅಲ್ಲ. ಒಬ್ಬ ಮುದುಕಿ ಕಿಸಕ್ಕೆಂದಳು. "ಇವನ ಬೆನ್ನು ನೋಡ್ರೇ, ನನ್ನ ಗಂಡನದ್ದೇ ಥೇಟು" ಎಂದಳು ಇನ್ನೊಬ್ಬಳು. "ನಿನ್ನ ಗಂಡ ಇಷ್ಟು ಗಟ್ಟಿ ಯಾವತ್ತು ಇದ್ನೇ" ಎಂದಳು ಮಗದೊಬ್ಬಳು. ಅಳುಮುಂಜಿ ಚೊಂಬು ಕೈಬಿಟ್ಟು ನೆಲಕ್ಕೆ ಕೂತಳು. ಉಸಿರು ಸಿಗುತ್ತಿರಲಿಲ್ಲ.

ಮೇಸ್ತ್ರಿ ಬರುವ ಹೊತ್ತಿಗೆ ಚಟ್ಟ ಕಟ್ಟಿಯಾಗಿತ್ತು. ಅವನಿಗೆ ಸಿಗರೇಟಿನ ಮೂಗು, ಏನೂ ತಿಳಿಯಲಿಲ್ಲ. ಅವನೂ ಸುಮ್ಮನೆ ಹಲ್ಲು ಕಿರಿದ. ಕಿರಿಯುತ್ತಲೇ ಹೇಳಿದ, "ಇದು ಸುಸೂತ್ರ ಹೋದ್ರೆ ಮುಂದಿನ ವಾರ ದೊಡ್ಡದು. ಅದೊಂದೇ ನಾಲ್ಕೈದು ಹೆಣ ಆಗುತ್ತೆ. ಯಾರ‍್ಯಾರು ಸಾಯ್ಬೇಕು ಅಂತ ನೀವೇ ಯೋಚನೆ ಮಾಡಿಟ್ಕೊಳ್ಳಿ."

ಅಳುಮುಂಜಿಯ ನಗು ಅಲ್ಲಿಗೆ ನಿಂತಿತು. ದೊಡ್ಡದು. ಅಮ್ಮನ ತಲೆಯ ಮೇಲೆ ನಿಂತಿರುವ ಮರ. ಒಂದನ್ನು ಹೊತ್ತು ಕೊಟ್ಟರೆ ಅಣ್ಣ ಉಳಿಯುತ್ತಾನೆ ಎಂದುಕೊಂಡಿದ್ದಳು. ಅದು ಹೊತ್ತು ಕೊಡುವ ಅಭ್ಯಾಸದ ಮೊದಲ ದಿನ ಎಂದು ಈಗ ಗೊತ್ತಾಯಿತು. ಮೇಸ್ತ್ರಿಯ ಮುಖಕ್ಕೆ ಉಗಿಯಬೇಕು ಅನಿಸಿತು. ಬಾಯಿ ಒಣಗಿತ್ತು.

ಅಣ್ಣ ಮತ್ತು ಇನ್ನು ಮೂವರು ಚಟ್ಟ ಎತ್ತಿದರು. ಹಸಿ ತಿರುಳು ಮನುಷ್ಯನ ಹೆಣದ ಹಾಗಲ್ಲ, ಕಲ್ಲಿನ ಭಾರ. ಬಿದಿರು ಹೆಗಲ ಗಂಟಿಗೆ ಕಚ್ಚಿಕೊಂಡಿತು. ಕತ್ತಿನ ನರ ಉಬ್ಬಿತು. ಮೊದಲ ಇಳಿಜಾರಿನಲ್ಲೇ ನಾಲ್ವರ ಅಂಗಿಯೂ ಬೆನ್ನಿಗೆ ಅಂಟಿತು. ಬಟ್ಟೆಯ ಮೇಲೆ ಬಿಸಿಲು ಬಿತ್ತು. ಒದ್ದೆ ಮರ ಆವಿಯಾಡಿತು. ಹೊತ್ತವರ ಮೂಗು ಅದಕ್ಕೆ ಒಂದು ಗೇಣಿನ ದೂರ. ಎಡಗಡೆಯವನ ಹೆಜ್ಜೆ ಕುಣಿತದ ಹೆಜ್ಜೆಯಾಯಿತು. "ಲೋ, ನೆಟ್ಟಗೆ ನಡಿಯೋ" ಎಂದು ಅಣ್ಣ ಗದರಿದ. ಗದರುವಾಗ ಅವನಿಗೂ ನಗು ಬಂತು. ಕಣ್ಣಲ್ಲಿ ಬೆವರು, ಹೆಗಲಲ್ಲಿ ಉರಿ, ಬಾಯಲ್ಲಿ ನಗು. ಹಿಂದೆ ಬರುತ್ತಿದ್ದ ಹೆಂಗಸರು ಮುಖ ಮುಚ್ಚಿಕೊಂಡು ಕುಲುಕುತ್ತಿದ್ದರು. ದೂರದಿಂದ ನೋಡಿದವರಿಗೆ ಅದು ಎದೆ ಬಿರಿಯುವ ದುಃಖ.

ಗೇಟಿನ ಈಚೆ ಬಸ್ ನಿಲ್ದಾಣವಿತ್ತು, ತಪಾಸಣೆಗೆ ನಿಂತ ಬಸ್ಸಿತ್ತು, ಕಾಯುತ್ತಾ ಬೇಸತ್ತ ಜನವಿತ್ತು. ಕೇರಿಯ ಹೆಣ ಬರುತ್ತಿದೆ ಎಂದು ತಿಳಿದು ಎಂದಿನಂತೆ ಎಲ್ಲರೂ ಎರಡು ಬದಿಗೆ ಸರಿದರು. ಮೂಗು ಮುಚ್ಚಲು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

"ಏನ್ರೀ ಇದು, ಹೆಣ ಪರಿಮಳ ಬರ್ತಿದೆ" ಎಂದ ಬಸ್ಸಿನ ಕಂಡಕ್ಟರ್.

ಒಬ್ಬ ನಿವೃತ್ತ ಮೇಷ್ಟ್ರು ಮುಂದೆ ಬಂದರು. ಕಣ್ಣು ಮುಚ್ಚಿ ಉಸಿರೆಳೆದರು. ತೇಲಿದಂತಾಯಿತು. "ಸಾಮಾನ್ಯರ ದೇಹಕ್ಕೆ ಈ ಪರಿಮಳ ಬರೋದಿಲ್ಲ. ಯಾರೋ ಮಹಾತ್ಮರು" ಎಂದರು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ. ಮಾತು ಬಸ್ಸಿನೊಳಗೆ ಹೋಯಿತು, ಹೋಟೆಲಿನೊಳಗೆ ಹೋಯಿತು. ಬೆಲ್ಲ ಕಂಡ ಇರುವೆಯಂತೆ ಜನ ಮುತ್ತಿದರು. ಕೇರಿಯವರ ನೆರಳು ಕಂಡರೆ ಹಾರುತ್ತಿದ್ದವರು ಕೇರಿಯವರನ್ನೇ ತಳ್ಳಿಕೊಂಡು ಚಟ್ಟ ಮುಟ್ಟಲು ಬಂದರು. "ಸ್ವಲ್ಪ ಇಳಿಸ್ರಪ್ಪ, ಕಾಲಿಗೆ ಬೀಳ್ತೀವಿ" ಎಂದರು. ಅಪ್ಪ ಎಂದರು. ಅಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಗೇಟಿನ ಅಡ್ಡಕಂಬದ ಮುಂದೆ ಚಟ್ಟ ಇಳಿಯಿತು. ಮೇಷ್ಟ್ರು ಕಾಂಡದ ತುದಿಗೆ ಹಣೆ ಹಚ್ಚಿದರು. ಗೇಟಿನ ಗಾರ್ಡು ಟೋಪಿ ತೆಗೆದ. ನಿನ್ನೆ ಇದೇ ಘಮಲು ಮೂಸಿದ್ದ ರೇಂಜರನೂ ಕಣ್ಣು ತಪ್ಪಿಸಿ ಕೈ ಮುಗಿದ.

ಸ್ಕ್ವಾಡಿನ ಮೇಡಂ ಮಾತ್ರ ದೂರದ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲಿಲ್ಲ. "ಯಾರದ್ದದು? ಬೇಗ ದಾಟಿಸಿ, ಗಾಡಿಗಳು ನಿಂತಿವೆ" ಎಂದರು.

ಸಾಹುಕಾರ ಗೇಟಿನ ಆಚೆ ಕಾರಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. ಅವನು ಕಾರಿನಲ್ಲೇ ಕೂತಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಆದರೆ ಇಷ್ಟು ಜನ ಕೈ ಮುಗಿಯುವುದನ್ನು ಅವನು ಬಿಟ್ಟವನೇ? ಘಮಲೂ ತಲೆಗೇರಿತ್ತು. ಕರವಸ್ತ್ರ ಜೇಬಿಗಿಟ್ಟು ಇಳಿದು ಬಂದ. ಜನರ ನಡುವೆ ನಿಂತು ಗಂಟಲು ಸರಿಮಾಡಿಕೊಂಡ.

"ನಮ್ಮವನೇ ಮೇಡಂ. ನಮ್ಮ ಮಿಲ್ಲಿನ ಹಳೇ ಆಳು. ಆಳು ಅನ್ನೋದೇನು, ಮನೆ ಮಗನಿದ್ದ ಹಾಗಿದ್ದ. ನನ್ನ ಕೈಯಲ್ಲೇ ಪ್ರಾಣ ಬಿಟ್ಟ."

"ಪುಣ್ಯವಂತರು ನೀವು" ಎಂದರು ಮೇಷ್ಟ್ರು.

"ಇವರದ್ದೆಲ್ಲಾ ನಾನೇ ನೋಡ್ಕೊಳ್ಳೋದು" ಎಂದ ಸಾಹುಕಾರ, ಇಡೀ ಕೇರಿಯನ್ನು ಒಂದು ಕೈಯಲ್ಲಿ ತೋರಿಸುತ್ತಾ.

ಜನಕ್ಕೆ ಈಗ ಮಹಾತ್ಮನ ಬಗ್ಗೆ ನಾಲ್ಕು ಮಾತು ಬೇಕಾಯಿತು. ಯಾರೋ ಅಳುಮುಂಜಿಯನ್ನು ಗುರುತಿಸಿದರು. "ಹೇಳಮ್ಮ, ಅವರು ಹೇಗಿದ್ರು ಅಂತ ಹೇಳಿ ಅಳಮ್ಮ" ಎಂದರು. ಮೇಸ್ತ್ರಿ ಹಿಂದಿನಿಂದ ಅವಳ ತೋಳು ಚಿವುಟಿ, ಎರಡು ಮಾತು ಹೇಳಿ ಮುಗಿಸು ಎಂದು ಪಿಸುಗುಟ್ಟಿದ. ಅವಳು ಚಟ್ಟದ ಪಕ್ಕ ಕೂತಳು. ಬಟ್ಟೆಯ ಮೇಲೆ ಅಂಗೈ ಇಟ್ಟಳು. ಒದ್ದೆಯಾಗಿತ್ತು, ಬೆಚ್ಚಗಿತ್ತು. ಹೇಳಿದರೆ ಅಣ್ಣ ಒಳಗೆ ಹೋಗುತ್ತಾನೆ. ಹೇಳದಿದ್ದರೆ ಮುಂದಿನ ವಾರ ದೊಡ್ಡದು ಹೋಗುತ್ತದೆ. ತಲೆಯೆತ್ತಿ ಅಣ್ಣನನ್ನು ನೋಡಿದಳು. ಅವನು ಹೆಗಲು ಉಜ್ಜಿಕೊಳ್ಳುತ್ತಿದ್ದ.

"ನನ್ನ ಮುಖ ನೋಡ್ಬೇಡ. ಅಳು" ಎಂದ.

ಅವಳು ಎದೆಗೆ ಒಂದು ಬಡಿದುಕೊಂಡಳು. ದನಿ ಎತ್ತಿದಳು.

"ಅಯ್ಯೋ ನನ್ನ ಕಂದಾ, ಬಿಳಿ ಬಟ್ಟೆ ಹೊದ್ದು ಯಾವ ಕಡೆಗೆ ಹೊರಟ್ಯೋ. ಹುಟ್ಟಿದ್ದೂ ಸ್ಮಶಾನದಲ್ಲಿ, ಬೆಳೆದಿದ್ದೂ ಸ್ಮಶಾನದಲ್ಲಿ. ಹುಟ್ಟಿದಾಗಿಂದ ಒಂದೇ ಕಾಲಲ್ಲಿ ನಿಂತ್ಯಲ್ಲೋ, ಒಂದು ದಿನ ಕೂತವನಲ್ಲವಲ್ಲೋ."

"ತಪಸ್ವಿ" ಎಂದು ಜನ ಪಿಸುಗುಟ್ಟಿದರು.

"ಹೊಟ್ಟೆಗೆ ಬರೀ ನೀರು, ಮೈಗೆ ಬರೀ ಬಿಸಿಲು. ಯಾರ ಹತ್ರಾನೂ ಒಂದು ತುತ್ತು ಕೇಳ್ದವನಲ್ಲವಲ್ಲೋ."

"ಉಪವಾಸ. ಘನಘೋರ ಉಪವಾಸ" ಎಂದರು ಮೇಷ್ಟ್ರು.

"ಮೈಮೇಲೆ ಬಟ್ಟೆ ಕಂಡವನಲ್ಲ, ಇವತ್ತೇ ಮೊದಲು ಕಂಡ್ಯಲ್ಲೋ. ಹಕ್ಕಿ ಬಂದು ನಿನ್ನ ತಲೆ ಮೇಲೆ ಗೂಡು ಕಟ್ಟಿದ್ರೂ ಸುಮ್ನಿದ್ಯಲ್ಲೋ, ಮೊಟ್ಟೆ ಇಟ್ರೂ ಅಲ್ಲಾಡ್ಲಿಲ್ವಲ್ಲೋ."

ಕಂಡಕ್ಟರ್ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡ. ಇಡೀ ಕೇರಿ ನೆಲ ನೋಡುತ್ತಿತ್ತು. ಒಂದು ಕಣ್ಣು ಇನ್ನೊಂದು ಕಣ್ಣನ್ನು ಕಂಡಿದ್ದರೆ ಎಲ್ಲರೂ ಸಿಡಿಯುತ್ತಿದ್ದರು. ಸಾಹುಕಾರನ ಮುಖದ ಮೇಲಿನ ಗಾಂಭೀರ್ಯ ಮಾತ್ರ ಒಂದಿಷ್ಟು ಸಡಿಲವಾಗಿತ್ತು.

"ಸಾಕು ಬಿಡಮ್ಮ, ಹೊತ್ತಾಯ್ತು" ಎಂದ.

ಅವಳಿಗೆ ಅದು ಕೇಳಿಸಿತು. ಕೇಳಿಸಿದ್ದರಿಂದಲೇ ದನಿ ಇನ್ನೂ ಮೇಲೆ ಹೋಯಿತು.

"ಮೊನ್ನೆ ನಮ್ಮನ್ನೆಲ್ಲಾ ಕರೆಸಿದ್ರು ಕಂದಾ. ಅವರ ಅಮ್ಮನಿಗೆ ಅಳಿ ಅಂತ ಕರೆಸಿದ್ರು. ಚರಂಡಿ ಪಕ್ಕ ಕೂತು ನಾವು ಅವರ ಅಮ್ಮನಿಗೆ ಅತ್ವು. ಆ ಹೊತ್ತಲ್ಲಿ ನಿನ್ನ ಬುಡಕ್ಕೆ ಗರಗಸ ಇಟ್ರಲ್ಲೋ. ಸಾಹುಕಾರ್ರು ಸುಳ್ಳು ಹೇಳ್ಲಿಲ್ಲ. ಅವರ ಕೈಯಲ್ಲೇ ಪ್ರಾಣ ಬಿಟ್ಟೆ. ಅವರೇ ನಿನ್ನ ನೋಡ್ಕೊಂಡ್ರು. ನಿಮ್ಮಮ್ಮ ಇನ್ನೂ ಅಲ್ಲೇ ನಿಂತಿದ್ದಾಳೆ. ಮುಂದಿನ ವಾರ ಅವಳನ್ನೂ ನೋಡ್ಕೋತಾರಂತೆ. ನಾಲ್ಕೈದು ಹೆಣ ಆಗ್ತಾಳಂತೆ ಕಂದಾ ನಿಮ್ಮಮ್ಮ."

ಅತ್ತಿಗೆ ಎದ್ದು ಬಂದು, ಮೀಯಿಸಿದ ಮೇಲೆ ಮುಖ ತೋರಿಸುವವಳ ಹಾಗೆ, ಬಟ್ಟೆಯನ್ನು ತುದಿಯಿಂದ ತುದಿಗೆ ಎಳೆದು ಬಿಸಾಕಿದಳು.

ಹೊಳೆಯುವ, ತೊಳೆದ, ಗಂಟುಗಂಟಾದ ಘಮಲುಮರದ ತಿರುಳು. ಮೇಷ್ಟ್ರು ಹಣೆ ಮುಟ್ಟಿಕೊಂಡರು. ಬೆರಳಿಗೆ ಮರದ ಎಣ್ಣೆಯ ಜಿಡ್ಡು ಅಂಟಿತು. ಅವರು ಬೆರಳನ್ನು ನೋಡಿದರು, ಸಾಹುಕಾರನನ್ನು ನೋಡಿದರು. ಆಗ ಬಸ್ಸಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಕಿಸಕ್ಕೆಂದಳು. ಅಷ್ಟೇ ಬೇಕಿತ್ತು. ಬಟ್ಟೆಯಿಂದ ಬಿಡುಗಡೆಯಾದ ಘಮಲು ಗೇಟಿನ ತುಂಬ ಹರಡಿ, ನಗು ಬಸ್ಸಿಗೆ ಹೋಯಿತು, ಹೋಟೆಲಿಗೆ ಹೋಯಿತು, ಗಾರ್ಡಿನ ಬಾಯಿಗೂ ಬಂತು. ಕೇರಿ ಬಿದ್ದು ಬಿದ್ದು ನಕ್ಕಿತು. ಅಳುಮುಂಜಿ ನೆಲಕ್ಕೆ ಅಂಗೈ ಊರಿ, ತಲೆ ಹಿಂದಕ್ಕೆಸೆದು, ಊರೆಲ್ಲ ನೋಡುವಂತೆ, ಮುಖ ಮುಚ್ಚಿಕೊಳ್ಳದೆ ನಕ್ಕಳು. ಬೀದಿಯಲ್ಲಿ ಹಾಗೆ ನಕ್ಕದ್ದು ಅದೇ ಮೊದಲು. ಆಹಾ, ಎಂಥ ಸುಖ.

ಮೇಡಂ ಕುರ್ಚಿಯಿಂದ ಎದ್ದರು. "ಹೊತ್ಕೊಂಡು ಬಂದವರು ಯಾರು? ಹಿಡೀರಿ ಅವರನ್ನ" ಎಂದರು.

ನೋಡಿ, ಕಾನೂನಿಗೆ ಮೊದಲು ಕಾಣುವುದು ಹೊತ್ತವರ ಹೆಗಲು. ಗಾರ್ಡು ಅಣ್ಣನ ಕಡೆ ಬಂದ. ಅಣ್ಣ ಹಿಂದೆ ಸರಿಯಲಿಲ್ಲ.

"ಹೊತ್ತಿದ್ದು ನಾವೇ ಮೇಡಂ. ನಾವು ಎಲ್ಲರ ಹೆಣಾನೂ ಹೊರ್ತೀವಿ. ಈಗ ಯಾರದ್ದು ಅಂತ ನೀವು ಕೇಳಿದ್ರಿ. ನಮ್ಮವನು ಅಂದೋರು ಯಾರು?"

"ಇವರೇ ಅಂದಿದ್ದು. ಮನೆ ಮಗ ಅಂದ್ರು. ನಾನು ಇಲ್ಲೇ ನಿಂತು ಕೇಳಿದೀನಿ" ಎಂದರು ಮೇಷ್ಟ್ರು. ಅವರಿಗೆ ಕೇರಿಯ ಮೇಲೆ ಪ್ರೀತಿ ಉಕ್ಕಿತ್ತು ಎಂದೇನೂ ತಿಳಿಯಬೇಕಿಲ್ಲ. ಮರದ ತುಂಡಿಗೆ ಹಣೆ ಹಚ್ಚಿದ ಸಿಟ್ಟು ಅದು. ಇರಲಿ. ಸಿಟ್ಟು ಯಾರದಾದರೇನು, ಅವತ್ತು ಕೆಲಸಕ್ಕೆ ಬಂತು. ಬಸ್ಸಿನ ಜನವೆಲ್ಲ ಹೌದು ಹೌದು ಎಂದರು. ಸಾಹುಕಾರನ ಮುಖ ಹುಳ್ಳಗಾಯಿತು. ಮೇಸ್ತ್ರಿ ಬಸ್ಸಿನ ಹಿಂದೆ ಸರಿಯುತ್ತಿದ್ದ. ಕಂಡಕ್ಟರ್ ಅವನ ಕಾಲರ್ ಹಿಡಿದು ತಂದ.

ಮೇಡಂ ಸುತ್ತ ನೋಡಿದರು. ಇಷ್ಟು ಜನರ ಎದುರು ಬೇರೆ ದಾರಿ ಇರಲಿಲ್ಲ. "ಸರಿ. ಇದನ್ನ ಆಫೀಸಿಗೆ ಸಾಗಿಸಿ. ಏ, ಎತ್ರೋ" ಎಂದರು ಅಣ್ಣನಿಗೆ.

ಅಣ್ಣ ತನ್ನ ಹೆಗಲನ್ನೊಮ್ಮೆ ಮುಟ್ಟಿ ನೋಡಿಕೊಂಡ. ಚರ್ಮ ಸುಲಿದಿತ್ತು.

"ಎತ್ತಲ್ಲ" ಎಂದ.

"ಏನಂದೆ?"

"ಎತ್ತಲ್ಲ ಮೇಡಂ. ಯಾರ ಮನೆ ಮಗನೋ ಅವರೇ ಹೊರಲಿ."

ರೇಂಜರ್ ಕೈಯೆತ್ತಿಕೊಂಡು ಮುಂದೆ ಬಂದ. ಅಳುಮುಂಜಿ ಎದ್ದು ಅಡ್ಡ ನಿಂತಳು. ಅತ್ತಿಗೆ ನಿಂತಳು. ಅವಳ ಹಿಂದೆ ಮುದುಕಿಯರು ನಿಂತರು. ಎಲ್ಲರೂ ಇನ್ನೂ ನಗುತ್ತಿದ್ದರು. ನಗುತ್ತಾ ನಿಂತ ಹೆಂಗಸರಿಗೆ ಹೊಡೆಯುವುದು ಹೇಗೆಂದು ರೇಂಜರನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

ಗಾಡಿಗಳು ಕಾಯುತ್ತಿದ್ದವು, ಮೇಡಂ ಎದುರಿಗೆ ಸಿಕ್ಕವರಿಗೇ ಎತ್ತಿ ಎಂದರು. ಕೊನೆಗೆ ಎತ್ತಿದವರು ಯಾರು ಗೊತ್ತೇ? ಮುಂದೆ ಸಾಹುಕಾರ ಮತ್ತು ರೇಂಜರ್. ಹಿಂದೆ ಮೇಸ್ತ್ರಿ ಮತ್ತು ಗಾರ್ಡು. ಒಬ್ಬ ಕುಳ್ಳ, ಒಬ್ಬ ಉದ್ದ, ಚಟ್ಟ ಒಂದು ಕಡೆಗೆ ವಾಲಿತು. ನಾಲ್ಕು ಹೆಜ್ಜೆಗೇ ಸಾಹುಕಾರ ಹೆಗಲು ಬದಲಿಸಿದ. ಊರಿನ ದೊಡ್ಡ ಬೀದಿಯ ನಡುವೆ, ಅಂಗಡಿಯವರು ಎದ್ದು ನಿಂತು ನೋಡುತ್ತಿರುವಾಗ, ಕೇರಿಯ ಚಟ್ಟ ಅವನ ಹೆಗಲ ಮೇಲೆ ಹೊರಟಿತು.

ಮುಂದೆ ಏನಾಯಿತು ಎಂದು ಕೇಳಿದರೆ ಹೇಳಲು ನನಗೆ ಹೇಸಿಗೆ. ಸಾಹುಕಾರ ಆ ವಾರವೇ ಜಾಮೀನಿನ ಮೇಲೆ ಹೊರಗೆ ಬಂದ. ಅಣ್ಣ ಅವನಿಗಿಂತ ಹೆಚ್ಚು ದಿನ ಒಳಗಿದ್ದ. ಕೇಸು ಇನ್ನೂ ನಡೆಯುತ್ತಿದೆ, ನಡೆಯುತ್ತಲೇ ಇರುತ್ತದೆ. ಅದು ಆಮೇಲಿನ ಮಾತು. ಆ ಮಧ್ಯಾಹ್ನದ ಮಾತು ಬೇರೆ.

ಆ ಮಧ್ಯಾಹ್ನ ಚಟ್ಟ ವಾಲುತ್ತಾ ದೂರ ಹೋಗುತ್ತಿತ್ತು. ನೋಡಲು ನುಗ್ಗಿದ ಜನರ ಜೊತೆ ಕೇರಿಯೂ ಗೇಟು ದಾಟಿ ಊರ ಕಡೆಗೆ ಬಂದು ನಿಂತಿತ್ತು. ಜನರ ಗುಂಪಿನಿಂದ ಯಾರೋ ಕೂಗಿದರು, "ಏ ಅಳುಮುಂಜಿ, ಹೆಣ ಹೊರಟಿದೆ, ಅಳ್ತಾ ಹೋಗೇ ಹಿಂದೆ."

"ಅವರದ್ದು ಅವರೇ ಅತ್ಕೊಳ್ಲಿ" ಎಂದಳು ಅವಳು. "ಇನ್ಮೇಲೆ ನಿಮ್ಮ ಯಾರ ಸಾವಿಗೂ ನಾವು ಬರಲ್ಲ. ನಿಮ್ಮ ಹೆಣ ನೀವು ಹೊರಿ. ನಿಮ್ಮ ಅಳು ನೀವು ಅಳಿ."

ಅದನ್ನು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಹೇಳಿಯಾದ ಮೇಲೆ ಮೈ ಹಗುರಾಯಿತು. ಇದು ಮರದ ಘಮಲಲ್ಲ ಎಂದು ಅವಳಿಗೆ ಗೊತ್ತಾಯಿತು. ತಿರುಗಿ ನೋಡಿದರೆ ಅತ್ತಿಗೆ ನಗುತ್ತಿರಲಿಲ್ಲ. ಕೇರಿಯವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಎಲ್ಲರೂ ಇದ್ದರು. ಮುದುಕರು, ಬಸುರಿಯರು, ಎದ್ದು ಓಡಾಡುವ ಅಷ್ಟೂ ಮಂದಿ.

"ದೊಡ್ಡ ಮರದ ಹತ್ರ ಯಾರಿದ್ದಾರೆ?" ಎಂದಳು ಅತ್ತಿಗೆ.

ಯಾರೂ ಇರಲಿಲ್ಲ.

ಗೇಟಿನ ಅಡ್ಡಕಂಬ ಮತ್ತೆ ಕೆಳಗಿಳಿದಿತ್ತು. ಅದನ್ನು ಎತ್ತುವ ಗಾರ್ಡು ಚಟ್ಟದ ಕೆಳಗಿದ್ದ. ಅಣ್ಣ ಸುಲಿದ ಹೆಗಲಿನಿಂದಲೇ ಕಂಬವನ್ನು ಮೇಲಕ್ಕೆ ತಳ್ಳಿ ಹಿಡಿದ. ಇಡೀ ಕೇರಿ ಅದರಡಿಯಲ್ಲಿ ನುಗ್ಗಿ ಏರಿನಲ್ಲಿ ಓಡಿತು. ಮುದುಕಿಯರು ಸೀರೆ ಮೇಲೆತ್ತಿಕೊಂಡು ಓಡಿದರು. ಯಾರೋ ಎಡವಿದರು, ಯಾರೋ ಎತ್ತಿದರು. ಅಳುಮುಂಜಿ ಎಲ್ಲರಿಗಿಂತ ಮುಂದಿದ್ದಳು. ನಗು ಇನ್ನೂ ಬಿಟ್ಟಿರಲಿಲ್ಲ, ಉಸಿರು ಸಿಗುತ್ತಿರಲಿಲ್ಲ, ಪಕ್ಕೆ ಹಿಡಿದುಕೊಂಡಿತ್ತು, ಎದೆ ಭಯದಿಂದ ಹೊಡೆದುಕೊಳ್ಳುತ್ತಿತ್ತು. ತಿರುವಿನಲ್ಲಿ ಮನೆಗಳ ಮಾಡಿನ ಮೇಲೆ ದೊಡ್ಡ ಮರದ ತಲೆ ಕಾಣಿಸಿತು. ಆದರೂ ಯಾರೂ ಓಡುವುದನ್ನು ನಿಲ್ಲಿಸಲಿಲ್ಲ.